ಉಪಚುನಾವಣೆಯನ್ನು ಎಲ್ಲಿ ಬರೆದಿಡುವುದು?

2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಅವರ ವಿಶ್ವಾಸಮತ ಯಾಚನೆ ಸೋತಾಗ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಿದ್ದಿದ್ದವು. ವಿರೋಧಿಸಿದ 105 ಮಂದಿಯೂ ಬಿಜೆಪಿಯವರು. ಆದರೆ 2018ರ ವಿಧಾನಸಭಾ ಫಲಿತಾಂಶದ ಕೋಷ್ಟಕದಲ್ಲಿ ಆ ಪಕ್ಷಕ್ಕಿರುವುದು 104 ಸ್ಥಾನ. ಇನ್ನೊಬ್ಬರು ಎಲ್ಲಿಂದ ಬಂದರು? ಚಿಂಚೋಳಿಯಿಂದ. ಅಲ್ಲಿನ ಕಾಂಗ್ರೆಸ್ ಶಾಸಕ ಉಮೇಶ ಜಾಧವ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಕಲಬುರಗಿ ಲೋಕಸಭೆಗೆ ನಿಂತರು. ತೆರವಾದ ಸ್ಥಾನವನ್ನು ಅವರ ಮಗ ಅವಿನಾಶ ಜಾಧವ ಗೆದ್ದರು. ಮತದಾನ ನಡೆದದ್ದು 2019ರ ಮೇ 19ರಂದು, ಲೋಕಸಭಾ ಚುನಾವಣೆಯ ಕೊನೆಯ ಹಂತದ ದಿನವೇ. ವರ್ಷವಾರು ಪಟ್ಟಿ ಮಾಡುವ ಕೈಪಿಡಿಯಲ್ಲಿ ಇದು 2019ರ ಲೋಕಸಭೆಯ ಪುಟದ ಅಂಚಿಗೆ ಹೋಗಿ ಕೂರುತ್ತದೆ. ಸರ್ಕಾರ ಬಿದ್ದ ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ಬಂದ ಓದುಗ ಅಲ್ಲಿ ಹುಡುಕುವುದಾದರೂ ಯಾಕೆ?

ಉಪಚುನಾವಣೆಗಳನ್ನು ಆಕರ ಗ್ರಂಥದಲ್ಲಿ ಹೇಗೆ ಜೋಡಿಸಬೇಕೆಂಬುದು ಸಂಪಾದಕರ ಮೇಜಿನ ಸಣ್ಣ ತಕರಾರಿನಂತೆ ಕಾಣಬಹುದು. ಮತದಾನದ ದಿನಾಂಕ ಹಿಡಿದು ಒಂದರ ಕೆಳಗೊಂದು ಬರೆದರೆ ಮುಗಿಯಿತು ಎನ್ನುವವರೇ ಹೆಚ್ಚು. ನನ್ನ ವಾದ ಬೇರೆ. ಉಪಚುನಾವಣೆಯ ಜಾಗ ಆಯಾ ವಿಧಾನಸಭೆಯ ಅವಧಿಯ ಕೆಳಗೆ. ಅಲ್ಲಿಯೂ ಅದರ ತಲೆಬರಹವಾಗಬೇಕಾದದ್ದು ಮತದಾನದ ದಿನವಲ್ಲ, ಸ್ಥಾನ ತೆರವಾದ ದಿನ ಮತ್ತು ಕಾರಣ.

ಹದಿನೈದನೇ ವಿಧಾನಸಭೆಯನ್ನೇ ನೋಡಿ. 2019ರ ಜುಲೈ 25 ಮತ್ತು 28ರಂದು ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಪಕ್ಷಾಂತರದ ಕಾರಣಕ್ಕೆ ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಮಾತ್ರ ಅವಕಾಶ ಕೊಟ್ಟಿತು. ಡಿಸೆಂಬರ್ 5ರಂದು ಮತದಾನವಾದದ್ದು 15 ಕ್ಷೇತ್ರಗಳಲ್ಲಿ. ರಾಜರಾಜೇಶ್ವರಿನಗರ ಮತ್ತು ಮಸ್ಕಿಯ ಹಿಂದಿನ ಆಯ್ಕೆಗಳ ಮೇಲೆ ಚುನಾವಣಾ ತಕರಾರು ಅರ್ಜಿಗಳಿದ್ದುದರಿಂದ ಅವೆರಡೂ ಹಿಂದುಳಿದವು. ರಾಜರಾಜೇಶ್ವರಿನಗರದ ಸರದಿ ಬಂದದ್ದು 2020ರ ನವೆಂಬರ್ 3ರಂದು, ಶಿರಾ ಜೊತೆಗೆ. ಮಸ್ಕಿಯದು 2021ರ ಏಪ್ರಿಲ್ 17ರಂದು, ಬಸವಕಲ್ಯಾಣ ಮತ್ತು ಬೆಳಗಾವಿ ಲೋಕಸಭಾ ಕ್ಷೇತ್ರದ ಜೊತೆಗೆ. ಶಿರಾ, ಬಸವಕಲ್ಯಾಣ, ಬೆಳಗಾವಿ ಮೂರೂ ಹಾಲಿ ಸದಸ್ಯರ ನಿಧನದಿಂದ ತೆರವಾದವು. ಅವುಗಳಿಗೂ ಪಕ್ಷಾಂತರಕ್ಕೂ ಸಂಬಂಧವಿಲ್ಲ. ದಿನಾಂಕದ ಪಟ್ಟಿ ಮಾಡಿದರೆ ಒಂದೇ ಘಟನೆಯ 17 ತೆರವುಗಳು ಮೂರು ವರ್ಷಗಳಲ್ಲಿ ಚದುರುತ್ತವೆ, ಸಂಬಂಧವಿಲ್ಲದವು ಪಕ್ಕಪಕ್ಕ ಕೂರುತ್ತವೆ.

ಮಸ್ಕಿಯ ವಿಷಯದಲ್ಲಿ ಇನ್ನೂ ಒಂದಿದೆ. 2019ರ ಜುಲೈ 28ರಿಂದ 2021ರ ಮೇ 2ರ ಫಲಿತಾಂಶದವರೆಗೆ, ಅಂದರೆ 21 ತಿಂಗಳು, ಆ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ತೆರವಿನ ದಿನಾಂಕ ಇಲ್ಲದ ಪಟ್ಟಿಯಲ್ಲಿ ಈ ಸಂಗತಿ ಸಿಗುವುದೇ ಇಲ್ಲ. ಗೆದ್ದವರ ಹೆಸರು, ಅಂತರ, ಪಕ್ಷ ಎಲ್ಲ ಇರುತ್ತದೆ; ಅಲ್ಲಿನ ಮತದಾರ ಕಾದದ್ದೆಷ್ಟು ಎಂಬುದೊಂದು ಇರುವುದಿಲ್ಲ.

ಡಿಸೆಂಬರ್‌ನ ಆ 15ರಲ್ಲಿ ಬಿಜೆಪಿ 12 ಗೆದ್ದಿತು, ಕಾಂಗ್ರೆಸ್ 2, ಹೊಸಕೋಟೆಯಲ್ಲಿ ಪಕ್ಷೇತರರಾಗಿ ಶರತ್ ಬಚ್ಚೇಗೌಡ. ಸಾಮಾನ್ಯ ಕೋಷ್ಟಕದಲ್ಲಿ ‘ಹಿಂದಿನ ಪಕ್ಷ’, ‘ಈಗಿನ ಪಕ್ಷ’ ಎಂಬ ಎರಡು ಕಲಂಗಳಿರುತ್ತವೆ. ಅದನ್ನಷ್ಟೇ ನೋಡಿದವರಿಗೆ ಇಲ್ಲಿ ಜನಾಭಿಪ್ರಾಯದ ದೊಡ್ಡ ಅಲೆಯೇ ಎದ್ದಂತೆ ಕಾಣುತ್ತದೆ. ಆದರೆ ಬಿಜೆಪಿಯಿಂದ ಗೆದ್ದ 12 ಮಂದಿಯಲ್ಲಿ 11 ಮಂದಿ ಅದೇ ಕ್ಷೇತ್ರದ ಹಳೆಯ ಶಾಸಕರೇ. ಗೋಕಾಕದಲ್ಲಿ ರಮೇಶ ಜಾರಕಿಹೊಳಿ ಇದ್ದರು, ರಮೇಶ ಜಾರಕಿಹೊಳಿಯೇ ಬಂದರು. ಪಕ್ಷದ ಪಕ್ಕದಲ್ಲಿ ‘ತೆರವು ಮಾಡಿದವರು’ ಎಂಬ ಕಲಂ ಇಲ್ಲದಿದ್ದರೆ ಕೋಷ್ಟಕ ಸುಳ್ಳು ಹೇಳದೆಯೂ ದಾರಿ ತಪ್ಪಿಸುತ್ತದೆ.

ಇನ್ನು, ಉಪಚುನಾವಣೆಯಂತೆ ಕಂಡರೂ ಉಪಚುನಾವಣೆಯಲ್ಲದವು. 2018ರ ಮೇ 15ರಂದು ಕಾಂಗ್ರೆಸ್ ಗೆದ್ದದ್ದು 78. ಇನ್ನು ಕೆಲವು ಪಟ್ಟಿಗಳಲ್ಲಿ 80 ಎಂದಿದೆ. ಎರಡೂ ಸರಿ. ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ಪ್ರಚಾರದ ನಡುವೆಯೇ ತೀರಿಕೊಂಡಿದ್ದರಿಂದ ಜಯನಗರದ ಮತದಾನ ಜೂನ್ 11ಕ್ಕೆ ಹೋಯಿತು. ಸಾವಿರಾರು ಮತದಾರರ ಗುರುತಿನ ಚೀಟಿಗಳು ಒಂದು ಫ್ಲ್ಯಾಟ್‌ನಲ್ಲಿ ಸಿಕ್ಕಿದ್ದರಿಂದ ರಾಜರಾಜೇಶ್ವರಿನಗರದ್ದು ಮೇ 28ಕ್ಕೆ ಹೋಯಿತು. ಎರಡನ್ನೂ ಕಾಂಗ್ರೆಸ್ ಗೆದ್ದಿತು. ಫಲಿತಾಂಶ ಬಂದು, ಸರ್ಕಾರವೊಂದು ಬಿದ್ದು, ಇನ್ನೊಂದು ಬಂದ ಮೇಲೆ ನಡೆದ ಮತದಾನವಾದ್ದರಿಂದ ಇವನ್ನು ಉಪಚುನಾವಣೆಯ ಸಾಲಿಗೆ ಸೇರಿಸುವ ಆಸೆ ಸಹಜ. ಆದರೆ ಅಲ್ಲಿ ಯಾರೂ ಸ್ಥಾನ ತೆರವು ಮಾಡಿರಲಿಲ್ಲ. ಸಾರ್ವತ್ರಿಕ ಚುನಾವಣೆಯೇ ಮುಂದೂಡಿ ನಡೆದದ್ದು. ತೆರವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಈ ಗೊಂದಲ ಹುಟ್ಟುವುದಿಲ್ಲ.

ಅದೇ ಅಳತೆಗೋಲು ಎದುರು ಬದಿಯ ಪ್ರಶ್ನೆಯನ್ನೂ ಬಿಡಿಸುತ್ತದೆ. ಜನತಾ ಪ್ರಾತಿನಿಧ್ಯ ಕಾಯ್ದೆಯ 151ಎ ಪ್ರಕಾರ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು; ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಕಿಲ್ಲ. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪ, ಶ್ರೀರಾಮುಲು, ಪುಟ್ಟರಾಜು ಲೋಕಸಭೆ ಬಿಟ್ಟಾಗ ವರ್ಷದ ಮೇಲೆ ಕೆಲವೇ ದಿನ ಉಳಿದಿದ್ದವು. ಹಾಗಾಗಿ ಶಿವಮೊಗ್ಗ, ಬಳ್ಳಾರಿ, ಮಂಡ್ಯದಲ್ಲಿ ನವೆಂಬರ್ 3ರಂದು ಚುನಾವಣೆ ನಡೆದು, ಗೆದ್ದವರು ಆರು ತಿಂಗಳ ಸಂಸದರಾದರು. ಆಂಧ್ರದ ಐವರು ವೈಎಸ್‌ಆರ್‌ ಕಾಂಗ್ರೆಸ್ ಸಂಸದರ ರಾಜೀನಾಮೆ ಅಂಗೀಕಾರವಾದದ್ದು ಜೂನ್‌ನಲ್ಲಿ. ಅಲ್ಲಿ ಚುನಾವಣೆ ಇಲ್ಲ. ನವೆಂಬರ್ 12ರಂದು ಅನಂತಕುಮಾರ್ ನಿಧನರಾದರು. ಬೆಂಗಳೂರು ದಕ್ಷಿಣ ಮುಂದಿನ ಸಾರ್ವತ್ರಿಕ ಚುನಾವಣೆಯವರೆಗೆ ಖಾಲಿ ಉಳಿಯಿತು. ನಡೆದ ಚುನಾವಣೆಗಳನ್ನಷ್ಟೇ ಪಟ್ಟಿ ಮಾಡಿದರೆ ಈ ಖಾಲಿ ಕುರ್ಚಿಗಳಿಗೆ ಪುಸ್ತಕದಲ್ಲಿ ಜಾಗವೇ ಇಲ್ಲ. ‘ತೆರವು, ಉಪಚುನಾವಣೆ ನಡೆಯಲಿಲ್ಲ’ ಎಂದು ಒಂದು ಸಾಲು ಸಾಕು.

ಅಮೆರಿಕದಲ್ಲಿ ಲೆಕ್ಕಾಚಾರ ಇನ್ನೂ ವಿಚಿತ್ರ. ಜಾರ್ಜಿಯಾದ ಸಂಸದ ಜಾನ್ ಲೂಯಿಸ್ 2020ರ ಜುಲೈನಲ್ಲಿ ನಿಧನರಾದಾಗ ಹೊಸ ಅವಧಿಗೆ ನವೆಂಬರ್‌ನಲ್ಲಿ ನಿಕೆಮಾ ವಿಲಿಯಮ್ಸ್ ಆಯ್ಕೆಯಾದರು. ಹಳೆಯ ಅವಧಿಯ ಉಳಿಕೆಗೆ ಡಿಸೆಂಬರ್ 1ರ ಎರಡನೇ ಸುತ್ತಿನಲ್ಲಿ ಕ್ವಾಂಜಾ ಹಾಲ್ ಗೆದ್ದರು. ಅವರ ಸದಸ್ಯತ್ವ ಜನವರಿ 3ಕ್ಕೆ ಮುಗಿಯಿತು. ಉತ್ತರಾಧಿಕಾರಿ ಮೊದಲು ಆಯ್ಕೆಯಾಗಿ, ನಡುವಿನವರು ಆಮೇಲೆ! ದಿನಾಂಕದ ಪಟ್ಟಿಗೆ ಇದು ತಲೆಕೆಳಗು, ಅವಧಿಯ ಪಟ್ಟಿಗೆ ಸಲೀಸು.

ನಮ್ಮ ವಿಧಾನ ಪರಿಷತ್ತಿಗೆ ಬಂದರೆ ಅವಧಿಯ ಲೆಕ್ಕವಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಶಿವಾಜಿನಗರದಲ್ಲಿ ರೋಷನ್ ಬೇಗ್ ಅನರ್ಹರಾದರು; ಅಲ್ಲಿ ಗೆದ್ದ ರಿಜ್ವಾನ್ ಅರ್ಷದ್ ಪರಿಷತ್ತಿನ ಸ್ಥಾನ ಬಿಟ್ಟರು; ಅದಕ್ಕೆ 2020ರ ಫೆಬ್ರುವರಿಯಲ್ಲಿ ಲಕ್ಷ್ಮಣ ಸವದಿ ಬಂದರು. 2022ರಲ್ಲಿ ಸವದಿ ಪೂರ್ಣಾವಧಿಗೆ ಮರಳಿ ಆಯ್ಕೆಯಾಗಿ, ಮರುವರ್ಷ ರಾಜೀನಾಮೆ ಕೊಟ್ಟರು. ಆ ಸ್ಥಾನಕ್ಕೆ ಜಗದೀಶ ಶೆಟ್ಟರ್, ಶೆಟ್ಟರ್ ಬಿಟ್ಟ ಮೇಲೆ 2024ರಲ್ಲಿ ಬಸನಗೌಡ ಬಾದರ್ಲಿ. ಮೂವರದೂ ಒಂದೇ ಅವಧಿ, 2028ಕ್ಕೆ ಮುಗಿಯುವಂಥದ್ದು. ಅವಿರೋಧ ಆಯ್ಕೆಗಳಾದರೆ ಮತ ಎಣಿಕೆಯ ಅಂಕಿಯೂ ಇರುವುದಿಲ್ಲ; ಸ್ಥಾನದ ಸರಪಣಿಯೊಂದೇ ದಾಖಲೆ.

ದಿನಾಂಕದ ಪಟ್ಟಿಯ ಪರ ನಿಲ್ಲುವವರ ಬಳಿ ಗಟ್ಟಿಯಾದ ಮಾತೊಂದಿದೆ. ಒಂದೇ ದಿನ ಮತ ಹಾಕಿದ ಕ್ಷೇತ್ರಗಳನ್ನು ಒಟ್ಟಿಗೆ ಓದಿದರೇ ಆ ಕಾಲದ ರಾಜಕೀಯ ಹವಾ ತಿಳಿಯುವುದು. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಮೂರನ್ನೂ ಕಾಂಗ್ರೆಸ್ ಗೆದ್ದದ್ದನ್ನು ಬಿಡಿಬಿಡಿಯಾಗಿ ಓದಿದರೆ ಅರ್ಧ ಅರ್ಥ ಹೋಗುತ್ತದೆ. 1978ರ ಚಿಕ್ಕಮಗಳೂರನ್ನು ಯಾರೂ ಡಿ.ಬಿ. ಚಂದ್ರೇಗೌಡರ ರಾಜೀನಾಮೆಯ ದಿನದಿಂದ ನೆನೆಯುವುದಿಲ್ಲ, ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು ಸೋಲಿಸಿದ್ದರಿಂದ ನೆನೆಯುತ್ತಾರೆ. ಒಪ್ಪಿದೆ. ಅದಕ್ಕೆ ಪುಸ್ತಕದ ಕೊನೆಯಲ್ಲಿ ದಿನಾಂಕವಾರು ಸೂಚಿ ಕೊಡಬಹುದು. ಸೂಚಿಯಿಂದ ಮೂಲ ನಮೂದಿಗೆ ಹೋಗುವುದು ಸುಲಭ. ಚದುರಿದ ನಮೂದುಗಳಿಂದ ಸದನದ ಚರಿತ್ರೆ ಕಟ್ಟುವುದು ಕಷ್ಟ.

ಹೀಗೆ ಜೋಡಿಸಲು ಹೊರಟರೆ ಹದಿನಾರನೇ ವಿಧಾನಸಭೆಯ ಪುಟದಲ್ಲೇ ಹೊಸ ಪ್ರಶ್ನೆ ಕಾದಿದೆ. 2025ರ ಮೇ ತಿಂಗಳಲ್ಲಿ ಗಣಿ ಪ್ರಕರಣದ ಶಿಕ್ಷೆಯಿಂದ ಜನಾರ್ದನ ರೆಡ್ಡಿ ಅನರ್ಹರಾಗಿ ಗಂಗಾವತಿ ಸ್ಥಾನ ತೆರವಾಯಿತು. ಕೆಲವೇ ವಾರಗಳಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಗೆ ತಡೆ ಕೊಟ್ಟಿತು, ಸದಸ್ಯತ್ವ ಮರಳಿತು. ಚುನಾವಣೆ ನಡೆಯಲಿಲ್ಲ, ಶಾಸಕರೂ ಬದಲಾಗಲಿಲ್ಲ. ನಾನಾದರೆ ಇದನ್ನೂ ಬರೆಯುತ್ತೇನೆ: ತೆರವು, ಕಾರಣ, ತೆರವು ರದ್ದಾದ ದಿನ, ‘ಹೊಸ ಸದಸ್ಯ’ ಎಂಬ ಕಲಂನಲ್ಲಿ ಒಂದು ಅಡ್ಡಗೆರೆ.