ಹೊಸ ಕಾರೂ ಹಳೆಯ ಅಭ್ಯಾಸವೂ

ಕಾರುಗಳ ವಿಷಯವಾಗಿ ಬರೆಯಲು ಇವನಿಗೇನು ಅಧಿಕಾರವೆಂದು ವಾಚಕರು ಕೇಳಬಹುದು. ನಾನು ಇತಿಹಾಸದ ವಿದ್ಯಾರ್ಥಿ. ಕಾಲೇಜಿಗೆ ಬರುವುದು ಬಸ್ಸಿನಲ್ಲಿ, ಅದೂ ಬಹುಮಟ್ಟಿಗೆ ನಿಂತುಕೊಂಡು. ಆದರೆ ಕಳೆದ ದಸರಾ ರಜೆಯಲ್ಲಿ ನನ್ನ ಸೋದರಮಾವನವರು ಹೋಂಡಾ ಸಿಟಿ ಕಾರೊಂದನ್ನು ಕೊಂಡು ತಂದರು. ಅದರ ಹಿಂದಿನ ಆಸನದಲ್ಲಿ ಕುಳಿತು ತುಮಕೂರಿನಿಂದ ಅರಸೀಕೆರೆಗೆ ಹೋಗಿಬಂದೆ. ಓಡಿಸಿದವನಿಗೆ ಮಾತ್ರವಲ್ಲದೆ ಕುಳಿತವನಿಗೂ ಒಂದು ಅಭಿಪ್ರಾಯ ಇರಬಹುದಷ್ಟೆ.

ಸಿಟಿ ಎಂಬ ಹೆಸರು ನಮ್ಮ ದೇಶಕ್ಕೆ ಹೊಸದಲ್ಲ. 1998ರಲ್ಲಿ ಇಲ್ಲಿಗೆ ಬಂದ ಈ ಕಾರು ಆಮೇಲೆ ನಾಲ್ಕು ಸಲ ಮೈ ಬದಲಿಸಿತು. 2020ರಲ್ಲಿ ಬಂದ ಐದನೆಯ ತಲೆಮಾರನ್ನು 2023ರ ಮಾರ್ಚಿಯಲ್ಲಿ ತಿದ್ದಿ ಹೊರತಂದರು, ಮಾವನವರದು ಅದೇ. ಹೊರಗಣ್ಣಿಗೆ ಕಾಣುವ ಬದಲಾವಣೆ ಅಲ್ಪ: ಮುಂದಿನ ಜಾಲರಿ ಮತ್ತು ಬಂಪರಿನ ರೂಪ ಸ್ವಲ್ಪ ಬೇರೆ. ಡೀಸೆಲ್ ಎಂಜಿನನ್ನು ಕೈಬಿಟ್ಟಿದ್ದಾರೆ. 1498 ಸಿ.ಸಿ. ಪೆಟ್ರೋಲ್ ಎಂಜಿನು 121 ಅಶ್ವಶಕ್ತಿಯದು. ಆದರೂ ಅಜ್ಜಿಯ ಮೆಲುಮಾತು ಕೇಳುವಷ್ಟು ಒಳಗೆ ನಿಶ್ಶಬ್ದ. ಕಾಲು ಚಾಚಲು ಧಾರಾಳ ಸ್ಥಳ. ಸಾಮಾನಿನ ಗೂಡು 506 ಲೀಟರಿನದು. ಹಪ್ಪಳದ ಡಬ್ಬ, ಹಾಸಿಗೆ, ಒಂದು ಮೂಟೆ ತೆಂಗಿನಕಾಯಿ ಹಿಡಿದ ಮೇಲೂ ಜಾಗ ಮಿಕ್ಕಿತು.

ಈ ತಿದ್ದುಪಡಿಯ ಹೆಗ್ಗಳಿಕೆಯೆಲ್ಲ ಮುಂದಿನ ಗಾಜಿನ ಹಿಂದಿರುವ ಪುಟ್ಟ ಕ್ಯಾಮೆರಾದ್ದು. ಎದುರಿನ ವಾಹನಕ್ಕೆ ಢಿಕ್ಕಿಯಾಗುವ ಸಂಭವವಿದ್ದರೆ ಕಾರು ಎಚ್ಚರಿಸುತ್ತದೆ, ಬೇಕಾದರೆ ಬ್ರೇಕನ್ನೂ ಹಾಕುತ್ತದೆ. ರಸ್ತೆಯ ಗೆರೆ ಮೀರಿದರೆ ಸ್ಟೀರಿಂಗನ್ನು ಮೆಲ್ಲಗೆ ಸರಿಪಡಿಸುತ್ತದೆ. ಇದನ್ನೆಲ್ಲ ವಿವರಿಸಿ ಮಾವನವರು, "ಇನ್ನು ಭಯವಿಲ್ಲ" ಎಂದರು. ಅಜ್ಜಿ, "ಮುಕ್ಕಣ್ಣನ ಹಾಗೆ ಇದಕ್ಕೂ ಒಂದು ಕಣ್ಣು ಹೆಚ್ಚು" ಎಂದು ಕೈಮುಗಿದರು.

ನಾನು ಆಸನದ ಪಟ್ಟಿಗಾಗಿ ತಡಕಾಡಿದೆ. ಪಟ್ಟಿ ಸಿಕ್ಕಿತು, ಅದರ ಕೊಂಡಿ ಸಿಗಲಿಲ್ಲ. ಯಾವುದೋ ಅಂಗಡಿಯಲ್ಲಿ ಹಾಕಿಸಿದ ಅಂದದ ಹೊದಿಕೆಯ ಅಡಿಯಲ್ಲಿ ಅದು ಹೂತುಹೋಗಿತ್ತು. "ಹಿಂದೆ ಕೂತವರಿಗೆ ಅದೇಕಯ್ಯ? ಪೊಲೀಸರು ನೋಡುವುದು ಮುಂದಿನವರನ್ನು" ಎಂದು ಮಾವನವರು ನಕ್ಕರು. ನಾನೂ ಸುಮ್ಮನಾದೆ, ಅದು ನನ್ನ ತಪ್ಪು.

ಗುಬ್ಬಿ ದಾಟಿದ ಮೇಲೆ ಕರುವೊಂದು ಅಡ್ಡ ಬಂತು. ಮಾವನವರು ಬ್ರೇಕು ಒತ್ತಿದರು. ಕಾರು ಚೆನ್ನಾಗಿಯೇ ನಿಂತಿತು, ಕರು ಉಳಿಯಿತು. ಆದರೆ ಅಜ್ಜಿಯ ತೊಡೆಯ ಮೇಲೆ ಮಲಗಿದ್ದ ಆರು ವರ್ಷದ ನನ್ನ ತಂಗಿ ಜಾರಿಹೋಗಿ ಮುಂದಿನ ಆಸನಕ್ಕೆ ಹಣೆ ಬಡಿದುಕೊಂಡಳು. ಬುಗುಟು ಎರಡು ದಿನದಲ್ಲಿ ಇಳಿಯಿತು. ಅಜ್ಜಿ ಮಾತ್ರ, "ಹಿಡಿದುಕೊಂಡೇ ಇದ್ದೆನಲ್ಲ" ಎಂದು ದಾರಿಯುದ್ದಕ್ಕೂ ಹಲುಬಿದರು.

ವಿಜ್ಞಾನ ಓದುವ ನನ್ನ ಗೆಳೆಯನೊಬ್ಬ ಆಮೇಲೆ ಲೆಕ್ಕ ಹಾಕಿ ತೋರಿಸಿದ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸುಮಾರು 14 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗಿನ ವೇಗ. ಅದನ್ನು ತಡೆಯುವ ಕೈ ಯಾವ ಅಜ್ಜಿಗೂ ಇಲ್ಲ, ಯಾವ ಪೈಲ್ವಾನನಿಗೂ ಇಲ್ಲ. ಹಿಂದಿನವನು ಮುಂದಕ್ಕೆ ಎಸೆಯಲ್ಪಟ್ಟರೆ ಮುಂದೆ ಪಟ್ಟಿ ಕಟ್ಟಿ ಕುಳಿತವನಿಗೂ ಅಪಾಯ. ಇದಕ್ಕೆ ಮದ್ದು ಹೊಸದೇನಲ್ಲ. ಸ್ವೀಡನ್ನಿನ ನಿಲ್ಸ್ ಬೋಲಿನ್ ರೂಪಿಸಿದ, ಹೆಗಲು ಸೊಂಟಗಳೆರಡನ್ನೂ ಹಿಡಿಯುವ ಪಟ್ಟಿ 1959ರಲ್ಲೇ ವೋಲ್ವೋ ಕಾರುಗಳಿಗೆ ಬಂತು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಕುಳಿತಿದ್ದುದು ಬೆಲೆಬಾಳುವ ಕಾರಿನ ಹಿಂದಿನ ಆಸನದಲ್ಲಿ, ಪಟ್ಟಿ ಕಟ್ಟದೆ. ಹಿಂದೆ ಕುಳಿತವರೂ ಪಟ್ಟಿ ಕಟ್ಟಬೇಕೆಂಬುದು ನಮ್ಮಲ್ಲಿ ಕಾನೂನೇ. ತಪ್ಪಿದರೆ 1,000 ರೂಪಾಯಿ ದಂಡ. ಆದರೆ ದಂಡಕ್ಕೆ ಅಂಜಿ ಕಟ್ಟುವವನು ಪೊಲೀಸರು ಮರೆಯಾದೊಡನೆ ಬಿಚ್ಚುತ್ತಾನೆ.

ಕ್ಯಾಮೆರಾ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಅಪಘಾತವನ್ನು ತಪ್ಪಿಸಲು ಅದು ನೆರವಾಗಬಲ್ಲದು. ತಪ್ಪಿಸಲಾಗದೆ ಹೋದಾಗ ನಮ್ಮನ್ನು ಹಿಡಿದು ನಿಲ್ಲಿಸುವುದು ಪಟ್ಟಿಯೇ. ಕುಟುಂಬದ ಕಾರೆಂದು ಕೊಂಡುಕೊಂಡು ಕುಟುಂಬ ಕೂರುವ ಕಡೆಯಲ್ಲೇ ಅದನ್ನು ಹೂತಿಡುವುದು ಎಂಥ ವಿವೇಕ?

ಮಾವನವರು ಮರುದಿನವೇ ಹೊದಿಕೆಯನ್ನು ಕತ್ತರಿಸಿ ಕೊಂಡಿಗಳನ್ನು ಹೊರತೆಗೆದರು. ತಂಗಿಗೆ ಮಕ್ಕಳ ಆಸನವೊಂದನ್ನೂ ತಂದರು. ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ಮದುವೆಗೋ ಜಾತ್ರೆಗೋ ಕಾರಿನಲ್ಲಿ ಹೊರಟಾಗ ಹಿಂದಿನ ಆಸನದ ಕೊಂಡಿಯನ್ನು ಮೊದಲು ಹುಡುಕಿ. ಸಿಗದಿದ್ದರೆ ನನ್ನಂತೆ ಸುಮ್ಮನಾಗಬೇಡಿ.