ಆಪ್ಷನ್ ಎಂಟ್ರಿಗೂ ಒಬ್ಬ ಮೇಷ್ಟ್ರು ಬೇಕು

ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಲ್ಲೇಶ್ವರಂ ಪೊಲೀಸರ ಮೊರೆ ಹೋಯಿತು. ಎಂಜಿನಿಯರಿಂಗ್ ಸೀಟು ಹಂಚಿಕೆಯಲ್ಲಿ ಬಹಳ ಬೇಡಿಕೆಯ ಸೀಟುಗಳನ್ನು ಹಿಡಿದಿಟ್ಟವರು ಪ್ರವೇಶಕ್ಕೇ ಬಂದಿರಲಿಲ್ಲ. ಹಲವರ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವ ಕೆಲಸ, ಒಂದೇ ಐಪಿ ವಿಳಾಸದಿಂದ ನಡೆದಿತ್ತು. ಮರುತಿಂಗಳು ಹತ್ತು ಮಂದಿ ಸೆರೆಯಾದರು. ಪ್ರಾಧಿಕಾರದಲ್ಲೇ ಕೆಲಸ ಮಾಡುತ್ತಿದ್ದ ಒಬ್ಬರೂ ಅವರಲ್ಲಿದ್ದರು. 2025ರ ಜೂನ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರಿನಲ್ಲಿ ಶೋಧ ನಡೆಸಿತು. ಸೀಟ್ ಬ್ಲಾಕಿಂಗ್ ಎಂಬ ಮಾತು ಅಂದಿನಿಂದ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಹಿಡಿದಿಟ್ಟ ಸೀಟು ಕೊನೆಗೆ ಖಾಲಿ ಉಳಿದು ಕಾಲೇಜಿನ ಆಡಳಿತ ಮಂಡಳಿಯ ಕೈಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಲಕ್ಷಗಳ ಬೆಲೆ ಕಟ್ಟಲಾಗುತ್ತದೆ ಎಂಬುದು ಆರೋಪ.

ತನಿಖೆ ನಡೆಯಲಿ, ತಪ್ಪಿತಸ್ಥರಿಗೆ ಶಿಕ್ಷೆಯಾಗಲಿ. ಆದರೆ ಅಂದಿನಿಂದ ಇಂದಿನವರೆಗೆ ನಡೆದ ಚರ್ಚೆಯೆಲ್ಲ ದಂಡ, ಠೇವಣಿ, ತಂತ್ರಾಂಶದ ಭದ್ರತೆಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ವಿದ್ಯಾರ್ಥಿಯ ಲಾಗಿನ್ ಐಡಿ, ಪಾಸ್‌ವರ್ಡ್ ಬೇರೆಯವರ ಕೈಗೆ ಹೋದದ್ದು ಹೇಗೆ ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಕೆಲವರು ಹಣಕ್ಕೆ ಕೊಟ್ಟಿರಬಹುದು. ಆದರೆ ಹಣದ ಆಸೆಯೇ ಇಲ್ಲದ ಸಾವಿರಾರು ಮಕ್ಕಳು ಪ್ರತಿ ವರ್ಷ ತಮ್ಮ ಪಾಸ್‌ವರ್ಡನ್ನು ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನಲ್ಲಿ ಬಿಟ್ಟು ಬರುತ್ತಾರೆ. ಅರ್ಜಿಯಲ್ಲಿ ಇರುವುದು ಅಂಗಡಿಯವನ ಮೊಬೈಲ್ ಸಂಖ್ಯೆ, ಅಂಗಡಿಯವನ ಇಮೇಲ್. ಒಟಿಪಿ ಹೋಗುವುದೂ ಅವನಿಗೇ. ಮಗುವಿಗೆ ಬೇರೆ ದಾರಿ ಇಲ್ಲದ್ದರಿಂದ ಹೀಗಾಗುತ್ತಿದೆ. ಆ ದಾರಿಯನ್ನು ಮಾಡಿಕೊಡಬೇಕಾದದ್ದು ಸರ್ಕಾರ, ಅದೂ ಪ್ರತಿಯೊಂದು ಸರ್ಕಾರಿ ಪಿಯು ಕಾಲೇಜಿನ ಒಳಗೇ.

ಈ ಸೀಟು ಹಂಚಿಕೆಗೆ ಆಧಾರವಾದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಹುಟ್ಟಿದ್ದು ಏಕೆ ಎಂಬುದನ್ನು ನೆನೆಯಬೇಕು. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜೊಂದರ ಶುಲ್ಕದ ವಿಚಾರವೇ 1992ರಲ್ಲಿ ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟ್ ಮುಂದೆ ಹೋಗಿತ್ತು. ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂದು ಕೋರ್ಟ್ ಹೇಳಿತು. ಮರುವರ್ಷ ವೃತ್ತಿ ಶಿಕ್ಷಣದ ಸೀಟು ಹಂಚಿಕೆಯ ಬಗ್ಗೆ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು, 1994ರಲ್ಲಿ ನಮ್ಮಲ್ಲಿ ಸಿಇಟಿ ಶುರುವಾಯಿತು. ಹಣವಿಲ್ಲದವರ ಮನೆಯ ಮಗುವೂ ರ್ಯಾಂಕಿನ ಬಲದ ಮೇಲೆ ಡಾಕ್ಟರ್, ಎಂಜಿನಿಯರ್ ಆಗಬಹುದೆಂಬ ಭರವಸೆ ಅದರ ಬೇರು. ಆಗ ಕೌನ್ಸೆಲಿಂಗ್ ಎಂದರೆ ಅಪ್ಪ ಮಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಸರದಿಯಲ್ಲಿ ಕಾದು, ಪರದೆಯ ಮೇಲೆ ಉಳಿದ ಸೀಟುಗಳನ್ನು ನೋಡಿ, ಅಧಿಕಾರಿಯ ಎದುರು ಕೂತು ಆರಿಸುವುದು. ಕಷ್ಟದ ಪ್ರಯಾಣವೇ ಸರಿ. ಆದರೆ ಎದುರಿಗೆ ಸರ್ಕಾರದ ಒಬ್ಬ ಮನುಷ್ಯ ಕೂತಿರುತ್ತಿದ್ದ, ಅನುಮಾನ ಬಂದರೆ ಕೇಳಬಹುದಿತ್ತು. ಆಮೇಲೆ ಎಲ್ಲವೂ ಆನ್‌ಲೈನ್ ಆಯಿತು. ಪ್ರಯಾಣ ತಪ್ಪಿತು, ಖರ್ಚು ಉಳಿಯಿತು. ಜೊತೆಗೆ ಆ ಮನುಷ್ಯನೂ ಇಲ್ಲವಾದ. ಖಾಲಿಯಾದ ಅವನ ಜಾಗಕ್ಕೆ ಸೈಬರ್ ಸೆಂಟರೂ ಕನ್ಸಲ್ಟೆನ್ಸಿಗಳೂ ಬಂದು ಕೂತವು.

ಅರ್ಜಿ ತುಂಬುವುದರಲ್ಲಿ ಏನು ಮಹಾ ಇದೆ ಎನ್ನುವವರು ಒಮ್ಮೆ ಅದನ್ನು ತೆರೆದು ನೋಡಲಿ. ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ, ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆ, ಆಮೇಲೆ ಸರ್ಕಾರಿ ಪಿಯು ಕಾಲೇಜು, ಪ್ರವರ್ಗ 2ಎ, ಅಪ್ಪನಿಗೆ ಎರಡು ಎಕರೆ ಭತ್ತದ ಗದ್ದೆ ಎಂದಿಟ್ಟುಕೊಳ್ಳಿ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದಕ್ಕೆ ಶೇ 15ರ ಗ್ರಾಮೀಣ ಮೀಸಲಾತಿ ಅವಳಿಗೆ ಸಿಗುತ್ತದೆ. ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಬಳ್ಳಾರಿ ಜಿಲ್ಲೆಯಾದ್ದರಿಂದ ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳಲ್ಲಿ ಅವಳಿಗೆ ಪಾಲಿದೆ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾ ಇದೆ, ಅದಕ್ಕೆ ಬೇರೆಯದೇ ಪ್ರಾಯೋಗಿಕ ಪರೀಕ್ಷೆ. ಪೋಷಕರ ಆದಾಯ 8 ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ (ಹೆಚ್ಚುವರಿ ಕೋಟಾ) ಸೀಟು, ಬೋಧನಾ ಶುಲ್ಕ ಮಾಫಿ. ಒಬ್ಬಳೇ ಹುಡುಗಿಗೆ ಇಷ್ಟು ಬಾಗಿಲುಗಳು.

ಆದರೆ ಒಂದೊಂದು ಬಾಗಿಲಿಗೂ ಒಂದೊಂದು ಪ್ರಮಾಣಪತ್ರ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ ಮೇಲುರುಜು. ಜಾತಿ, ಆದಾಯಕ್ಕೆ ನಾಡಕಚೇರಿಯ ಆರ್‌ಡಿ ಸಂಖ್ಯೆ. 371(ಜೆ) ಅರ್ಹತೆಗೆ ಉಪವಿಭಾಗಾಧಿಕಾರಿ ಕಚೇರಿ. ಅರ್ಜಿಯಲ್ಲಿ ಆ ಪ್ರಶ್ನೆಗೆ ‘ಹೌದು’ ಎಂದು ಒತ್ತದಿದ್ದರೆ ಆ ಬಾಗಿಲು ಆ ವರ್ಷಕ್ಕೆ ಮುಚ್ಚಿತು. ರೈತನ ಮಗಳು ರೈತರ ಕೋಟಾ ಕೇಳದೆ, ಹಳ್ಳಿಯ ಹುಡುಗ ಗ್ರಾಮೀಣ ಕೋಟಾ ಕೇಳದೆ ಅರ್ಜಿ ಮುಗಿಸುವುದನ್ನು ಪಿಯು ಕಾಲೇಜುಗಳಲ್ಲಿ ಪಾಠ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ದಶಕಗಳ ಹೋರಾಟದಿಂದ ಬಂದ ಹಕ್ಕು, ಹಿಂದುಳಿದ ವರ್ಗಗಳ ಹವಾನೂರು ವರದಿಯಿಂದ 371(ಜೆ) ತಿದ್ದುಪಡಿಯವರೆಗಿನ ಅಷ್ಟು ದೊಡ್ಡ ಇತಿಹಾಸ, ಒಂದು ಕ್ಲಿಕ್ಕಿನಲ್ಲಿ ಕೈತಪ್ಪುತ್ತಿದೆ. ಇದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ನನಗೆ ಇನ್ನೊಂದಿಲ್ಲ. ಕಾಸರಗೋಡು, ಅಕ್ಕಲಕೋಟೆ, ಜತ್ತ ಕಡೆಯ ಗಡಿನಾಡ ಕನ್ನಡದ ಮಕ್ಕಳ ಪಾಡು ಇನ್ನೂ ಕಷ್ಟದ್ದು. ಅವರು ಅರ್ಜಿಯಲ್ಲಿ ಸರಿಯಾದ ಅರ್ಹತಾ ಕ್ಲಾಜನ್ನು ಆರಿಸಿ, ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು.

ರ್ಯಾಂಕು ಬಂದ ಮೇಲೆ ಆಪ್ಷನ್ ಎಂಟ್ರಿ. ದೊಡ್ಡ ಕಾಲೇಜುಗಳನ್ನು ಮೇಲೆ ಹಾಕಿದರೆ ರ್ಯಾಂಕು ವ್ಯರ್ಥವಾಗುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಬೇರೂರಿದೆ. ಹಾಗೇನೂ ಆಗುವುದಿಲ್ಲ. ತಂತ್ರಾಂಶ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬರುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಸಿಗದ ಸೀಟನ್ನು ಕೇಳಿದ್ದರಿಂದ ಏನೂ ಕಳೆಯುವುದಿಲ್ಲ. ಅಪಾಯ ಇರುವುದು ತದ್ವಿರುದ್ಧ ದಿಕ್ಕಿನಲ್ಲಿ. ಮನಸ್ಸಿಲ್ಲದ ಕಾಲೇಜನ್ನು ‘ಇರಲಿ’ ಎಂದು ಮೇಲೆ ಹಾಕಿದರೆ ಅದೇ ಸಿಕ್ಕಿಬಿಡುತ್ತದೆ, ಕೆಳಗಿದ್ದ ಒಳ್ಳೆಯವೆಲ್ಲ ಅಲ್ಲಿಗೇ ರದ್ದು. ಹತ್ತು ಹನ್ನೆರಡು ಆಪ್ಷನ್ ಕೊಟ್ಟು ಸುಮ್ಮನಾದವರಿಗೆ ಸೀಟೇ ಸಿಗದೆ ಹೋಗಬಹುದು. ಅಣಕು ಹಂಚಿಕೆ ಬಂದಾಗ ಕೂತು ಪಟ್ಟಿ ತಿದ್ದಬೇಕು. ಆದರೆ ಬಹಳಷ್ಟು ಮನೆಗಳಲ್ಲಿ ಅದನ್ನೇ ಸಿಕ್ಕ ಸೀಟೆಂದು ಹಿಗ್ಗುತ್ತಾರೆ, ಇಲ್ಲವೇ ಸಿಗಲಿಲ್ಲವೆಂದು ಕೈಚೆಲ್ಲುತ್ತಾರೆ.

ಅದಾದ ಮೇಲೆ ನಾಲ್ಕು ಚಾಯ್ಸ್. ಒಂದನೆಯದು ಒತ್ತಿದರೆ ಒಪ್ಪಿ, ಶುಲ್ಕ ಕಟ್ಟಿ ಸೇರುವುದು. ಎರಡನೆಯದರಲ್ಲಿ ಸಿಕ್ಕ ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾಯಬಹುದು, ಆದರೆ ಅಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ. ಮೂರನೆಯದು ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಹೊರಗೆ ನಡೆಯುವುದು. ಇದನ್ನು ತೀರ್ಮಾನಿಸಲು ಸಿಗುವುದು ಕೆಲವೇ ದಿನ. ಅಷ್ಟರೊಳಗೆ ಶುಲ್ಕದ ಹಣ ಹೊಂದಿಸಬೇಕು, ಹಾಸ್ಟೆಲ್ ಸಿಗುತ್ತದೆಯೇ ನೋಡಬೇಕು, ಸರ್ಕಾರದ ಅರಿವು ಸಾಲಕ್ಕೋ ವಿದ್ಯಾಸಿರಿ ನೆರವಿಗೋ ಅರ್ಜಿ ಹಾಕಬಹುದೇ ವಿಚಾರಿಸಬೇಕು. ಹದಿನೆಂಟು ತುಂಬದ ಮಗು, ಅಕ್ಷರ ಬಾರದ ತಾಯಿ, ಕೂಲಿ ಬಿಟ್ಟು ಬಂದ ತಂದೆ. ಅವರ ಪಕ್ಕದಲ್ಲಿ ಆ ಹೊತ್ತಿಗೆ ಯಾರಿದ್ದಾರೆ? ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ, ಹಿಂದೆ ಇನ್ನೂ ಇಪ್ಪತ್ತು ಮಂದಿ ಕಾಯುತ್ತಿರುವ ಕಂಪ್ಯೂಟರಿನ ಹುಡುಗ. ಅವನನ್ನು ನಾನು ದೂರುವುದಿಲ್ಲ. ಅವನಿಗೆ ತಿಳಿದಷ್ಟು ಮಾಡುತ್ತಾನೆ.

ನಗರದ ದುಬಾರಿ ಶಾಲೆಗಳಲ್ಲಿ ಕಾಲೇಜು ಪ್ರವೇಶಕ್ಕೆಂದೇ ಸಲಹೆಗಾರರಿರುತ್ತಾರೆ. ದೊಡ್ಡ ಪಿಯು ಕಾಲೇಜುಗಳು ಲಕ್ಷಗಳ ಶುಲ್ಕದಲ್ಲೇ ಆಪ್ಷನ್ ಎಂಟ್ರಿಯ ನೆರವನ್ನೂ ಸೇರಿಸಿಕೊಂಡಿವೆ. ಉಳ್ಳವರು ಇದನ್ನು ಶಿಕ್ಷಣದ ಭಾಗವೆಂದೇ ಭಾವಿಸಿ ಕೊಂಡುಕೊಳ್ಳುತ್ತಾರೆ. ಸರ್ಕಾರಿ ಕಾಲೇಜಿನ ಮಗುವಿಗೆ ಮಾತ್ರ ಅದು ಮನೆಯವರು ನೋಡಿಕೊಳ್ಳಬೇಕಾದ ವಿಷಯ ಎನ್ನುತ್ತೇವೆ. ಈ ಎರಡು ಅಳತೆಗೋಲನ್ನು ನಾನು ಒಪ್ಪುವುದಿಲ್ಲ.

ಸರ್ಕಾರಗಳು ಏನೂ ಮಾಡಿಲ್ಲ ಎನ್ನಲಾರೆ. 2020ರಲ್ಲಿ ಕೋವಿಡ್ ನಡುವೆ ಗೆಟ್‌ಸೆಟ್‌ಗೋ ಹೆಸರಿನ ಉಚಿತ ಆನ್‌ಲೈನ್ ತರಬೇತಿ ಬಂತು. ಆಮೇಲೆ ಬಂದವರೂ ಸಿಇಟಿ, ನೀಟ್ ಕೋಚಿಂಗಿಗೆ ಹಣ ಇಟ್ಟರು. ಪ್ರಾಧಿಕಾರದ ಕೈಪಿಡಿ, ವಿಡಿಯೊಗಳಿವೆ. ಆದರೆ ಇವೆಲ್ಲ ಒಂದೋ ಅಂಕ ಹೆಚ್ಚಿಸುವ ಕೆಲಸ, ಇಲ್ಲವೇ ನಿಯಮ ಹೇಳುವ ಕೆಲಸ. ನಿನ್ನ ರ್ಯಾಂಕಿಗೆ, ನಿನ್ನ ಮನೆಯ ಸ್ಥಿತಿಗೆ, ನಿನ್ನ ಆಸೆಗೆ ಯಾವುದು ಹೊಂದುತ್ತದೆ ನೋಡೋಣ ಬಾ ಎಂದು ವಿಡಿಯೊ ಹೇಳುವುದಿಲ್ಲ. ಎಂಜಿನಿಯರಿಂಗ್, ಮೆಡಿಕಲ್ ಬಿಟ್ಟು ಬೇರೆ ಲೋಕವೂ ಇದೆಯಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯು ಮುಗಿಸಿದವರು ನೇರವಾಗಿ ಸೇರಿ ವಿಜ್ಞಾನ ಪದವಿಯನ್ನೂ ಬಿ.ಎಡ್ಡನ್ನೂ ಒಟ್ಟಿಗೆ ಮುಗಿಸಬಹುದು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಪರೀಕ್ಷೆ ಇದೆ. ಕಲಬುರಗಿ ಬಳಿಯ ಕಡಗಂಚಿಯಲ್ಲೇ ಅಂಥ ಒಂದು ವಿಶ್ವವಿದ್ಯಾಲಯ ಇದೆ. ವಿಜ್ಞಾನದ ಉನ್ನತ ಸಂಸ್ಥೆಗಳಾದ ಐಸರ್‌ಗಳಿಗೆ ಅವುಗಳದೇ ಪರೀಕ್ಷೆ. ಕಲಾ ವಿಭಾಗದ, ಎಚ್‌ಇಪಿಎಸ್ ತೆಗೆದುಕೊಂಡ ಮಕ್ಕಳ ಬಗ್ಗೆಯಂತೂ ಯಾರೂ ಮಾತೇ ಆಡುವುದಿಲ್ಲ, ಅವರಿಗೆ ಪ್ರವೇಶ ಪರೀಕ್ಷೆಯ ಭಾಗ್ಯವೇ ಇಲ್ಲ ಎಂಬಂತೆ. ಕಾನೂನು, ಶಿಕ್ಷಕ ವೃತ್ತಿ, ಸಮಾಜಕಾರ್ಯದ ಒಳ್ಳೆಯ ಸಂಸ್ಥೆಗಳ ಹೆಸರನ್ನು ಅವರ ಕಿವಿಗೆ ಹಾಕುವವರು ಯಾರು?

ನೆರೆಯವರನ್ನು ನೋಡಿ. ತಮಿಳುನಾಡು 2022ರ ಮಾರ್ಚ್‌ನಲ್ಲಿ ‘ನಾನ್ ಮುದಲ್ವನ್’ ಯೋಜನೆ ತಂದು ಸರ್ಕಾರಿ ಶಾಲೆಗಳ ಒಳಗೇ ವೃತ್ತಿ ಮಾರ್ಗದರ್ಶನ ಕೊಡತೊಡಗಿತು. ಹನ್ನೆರಡನೆಯ ತರಗತಿ ಮುಗಿಸಿ ಎಲ್ಲೂ ಸೇರದೆ ಉಳಿದವರನ್ನು ಹುಡುಕಿ ಕರೆತರುವ ಶಿಬಿರಗಳು ಅಲ್ಲಿ ನಡೆಯುತ್ತವೆ. ಎಂಜಿನಿಯರಿಂಗ್ ಅರ್ಜಿಗೆ ಜಿಲ್ಲೆಗಳಲ್ಲಿ ನೆರವು ಕೇಂದ್ರಗಳಿವೆ. ಸರ್ಕಾರಿ ಶಾಲೆಯ ಮಕ್ಕಳಿಗೆ 2020ರಲ್ಲಿ ವೈದ್ಯಕೀಯದಲ್ಲಿ, ಮರುವರ್ಷ ಎಂಜಿನಿಯರಿಂಗ್ ಮೊದಲಾದ ಕೋರ್ಸುಗಳಲ್ಲಿ ಶೇ 7.5 ಒಳಮೀಸಲಾತಿಯೂ ಬಂತು. ಕೇರಳದ ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ವೃತ್ತಿ ಮಾರ್ಗದರ್ಶನ ಘಟಕ ಇದೆ, ಶಾಲೆಯ ಶಿಕ್ಷಕರಲ್ಲೇ ಒಬ್ಬರು ಅದರ ಹೊಣೆ ಹೊರುತ್ತಾರೆ. ನಮಗಿಂತ ಶ್ರೀಮಂತ ರಾಜ್ಯಗಳೆಂದು ಅವರು ಇದನ್ನು ಮಾಡಿದ್ದಲ್ಲ.

ಎಲ್ಲವನ್ನೂ ಬಾಯಿಗಿಟ್ಟರೆ ಮಕ್ಕಳು ಸ್ವಂತ ಬುದ್ಧಿ ಬಳಸುವುದು ಯಾವಾಗ ಎಂಬ ಮಾತನ್ನು ಹಿರಿಯ ಅಧಿಕಾರಿಗಳಿಂದಲೂ ಕೇಳಿದ್ದೇನೆ. ಅವರ ಮನೆಯ ಮಕ್ಕಳ ಆಪ್ಷನ್ ಪಟ್ಟಿಯನ್ನು ಮನೆಮಂದಿಯೆಲ್ಲ ಕೂತು ಮಾಡಿರುತ್ತಾರೆ. ಚಿಕ್ಕಪ್ಪ, ಸೋದರಮಾವ, ಪಕ್ಕದ ಮನೆಯ ಎಂಜಿನಿಯರ್ ಎಲ್ಲರ ಸಲಹೆಯೂ ಸಿಕ್ಕಿರುತ್ತದೆ. ಸ್ವಂತ ಬುದ್ಧಿಯ ಪರೀಕ್ಷೆಗೆ ಬಡವರ ಮಕ್ಕಳನ್ನಷ್ಟೇ ಆರಿಸುವುದು ನ್ಯಾಯವಲ್ಲ.

ಈಗಾಗಲೇ ಹೊರೆ ಹೆಚ್ಚಿದೆ ಎಂಬ ಉಪನ್ಯಾಸಕರ ಆಕ್ಷೇಪ ಮಾತ್ರ ನಿಜವಾದದ್ದು. ಖಾಲಿ ಹುದ್ದೆಗಳು, ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ಕಾಲೇಜುಗಳು, ಚುನಾವಣೆ, ಸಮೀಕ್ಷೆ, ಮೌಲ್ಯಮಾಪನ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ವಾರ್ಷಿಕ ಪರೀಕ್ಷೆಗಳಾಗಿ ಬೇಸಿಗೆ ರಜೆಯೂ ಕರಗಿದೆ. ಇಷ್ಟರ ಮೇಲೆ ಇದನ್ನೂ ಹೊರಿಸಿದರೆ ಹಾಳೆಯ ಮೇಲಿನ ಕೆಲಸವಾಗುತ್ತದೆ. ಆದ್ದರಿಂದಲೇ ನಾನು ಕೇಳುವುದು ಹೆಸರಿಗೊಂದು ಸಮಿತಿಯನ್ನಲ್ಲ. ಕಾಲೇಜಿಗೊಬ್ಬ ಉಪನ್ಯಾಸಕರನ್ನು ಈ ಕೆಲಸಕ್ಕೆ ಗೊತ್ತುಮಾಡಿ, ಅವರ ವಾರದ ಪಾಠದ ಅವಧಿಯಲ್ಲಿ ಕಡಿತ ಕೊಟ್ಟು, ತರಬೇತಿ ಕೊಟ್ಟು, ಗೌರವಧನ ಕೊಡಬೇಕು. ರಾಜ್ಯದಲ್ಲಿ 1,200ಕ್ಕೂ ಹೆಚ್ಚು ಸರ್ಕಾರಿ ಪಿಯು ಕಾಲೇಜುಗಳಿವೆ. 1,200 ಎಂದೇ ಹಿಡಿದು ವರ್ಷಕ್ಕೆ 40,000 ರೂಪಾಯಿ ಕೊಟ್ಟರೆ 4.80 ಕೋಟಿ ಆಗುತ್ತದೆ. ರಾಜ್ಯದ ಬಜೆಟ್ಟಿಗೆ ಇದು ಭಾರವಲ್ಲ. ಇನ್ನೊಂದು ವಿಷಯ: ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಸುಕ್‌ದೇಬ್ ಸಾಹಾ ಪ್ರಕರಣದ ತೀರ್ಪಿನಲ್ಲಿ ನಿರ್ದೇಶನ ಕೊಟ್ಟಿದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನಿಂದ ಹೊರಟ ಪ್ರಕರಣ ಅದು. ಮುಂದೇನು ಎಂಬ ಭಯ ಮಕ್ಕಳ ಮನಸ್ಸನ್ನು ಎಷ್ಟು ಹಿಂಡುತ್ತದೆ ಎಂಬುದನ್ನು ಕೋರ್ಟ್ ಕಂಡಿದೆ, ನಮ್ಮ ಇಲಾಖೆಯೂ ಕಾಣಬೇಕು.

ಮಾರ್ಗದರ್ಶನದ ಈ ಕೆಲಸ ದ್ವಿತೀಯ ಪಿಯು ವರ್ಷದ ಜನವರಿಯಲ್ಲಿ ಶುರುವಾದರೆ ತಡವಾಯಿತು. ಎಸ್ಸೆಸ್ಸೆಲ್ಸಿ ಮುಗಿದ ಮಗು ವಿಜ್ಞಾನದ ಪಿಸಿಎಂಬಿ ತೆಗೆದುಕೊಳ್ಳಬೇಕೋ, ವಾಣಿಜ್ಯದ ಎಚ್‌ಇಬಿಎ ಸಾಕೋ, ಡಿಪ್ಲೊಮಾ ಮೇಲೋ ಎಂದು ಗೆಳೆಯರ ಹಿಂದೆ ಹೋಗಿ ತೀರ್ಮಾನಿಸುವ ಆ ಮೇ ತಿಂಗಳಲ್ಲೇ ಅರ್ಧ ದಾರಿ ನಿರ್ಧಾರವಾಗಿರುತ್ತದೆ. ಪ್ರಥಮ ಪಿಯು ದಾಖಲಾತಿಯ ದಿನವೇ ಮಗುವಿನ ಹೆಸರಿನಲ್ಲಿ ಒಂದು ಕಡತ ತೆರೆಯಲಿ. ಯಾವ ಮೀಸಲಾತಿಗೆ ಅರ್ಹ, ಯಾವ ಪ್ರಮಾಣಪತ್ರ ಬೇಕು, ಆಧಾರ್ ಮತ್ತು ಅಂಕಪಟ್ಟಿಯ ಹೆಸರು ಒಂದೇ ಇದೆಯೇ ಎಂಬುದನ್ನು ಎರಡು ವರ್ಷದ ಬಿಡುವಿನಲ್ಲಿ ಸರಿಮಾಡಬಹುದು. ಅರ್ಜಿಯನ್ನೂ ಆಪ್ಷನ್ ಎಂಟ್ರಿಯನ್ನೂ ಕಾಲೇಜಿನ ಕಂಪ್ಯೂಟರಿನಲ್ಲೇ, ಮಗುವಿನದೇ ಮೊಬೈಲ್ ಸಂಖ್ಯೆಯಲ್ಲಿ, ಪೋಷಕರ ಎದುರಿನಲ್ಲೇ ಮಾಡಲಿ. ಪಾಸ್‌ವರ್ಡ್ ಯಾರಿಗೂ ಕೊಡಬಾರದು ಎಂಬ ಎಚ್ಚರಿಕೆ ಆಗ ಮಾತ್ರ ಅರ್ಥ ಪಡೆಯುತ್ತದೆ.

ಪ್ರಾಧಿಕಾರ ಒಂದು ಲೆಕ್ಕವನ್ನು ಪ್ರತಿ ವರ್ಷ ಕಾಲೇಜುವಾರು ಪ್ರಕಟಿಸಲಿ. ಸರ್ಕಾರಿ ಪಿಯು ಕಾಲೇಜುಗಳಿಂದ ಎಷ್ಟು ಮಂದಿ ಅರ್ಜಿ ಹಾಕಿದರು, ಎಷ್ಟು ಮಂದಿ ಆಪ್ಷನ್ ತುಂಬಿದರು, ಸೀಟು ಸಿಕ್ಕವರಲ್ಲಿ ಎಷ್ಟು ಮಂದಿ ಸೇರಿದರು, ಅರ್ಹತೆ ಇದ್ದೂ ಗ್ರಾಮೀಣ, ಕನ್ನಡ ಮಾಧ್ಯಮ, 371(ಜೆ) ಕೇಳದೆ ಬಿಟ್ಟವರು ಎಷ್ಟು. ಮಕ್ಕಳ ಶಾಲಾ ಓದಿನ ಎಸ್‌ಎಟಿಎಸ್ ದಾಖಲೆ, ಆರ್‌ಡಿ ಸಂಖ್ಯೆ ಎಲ್ಲವೂ ಸರ್ಕಾರದ ಬಳಿಯೇ ಇರುವುದರಿಂದ ಈ ಲೆಕ್ಕ ತೆಗೆಯುವುದು ಅಸಾಧ್ಯವೇನಲ್ಲ. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿಯಲ್ಲಿ ತೆರೆಯುತ್ತದೆ. ಪದವಿಪೂರ್ವ ಶಿಕ್ಷಣ ಇಲಾಖೆ ಅದಕ್ಕೆ ಮೊದಲೇ ಸುತ್ತೋಲೆ ಹೊರಡಿಸಿ, ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಈ ಕೆಲಸಕ್ಕೆ ಗೊತ್ತಾದ ಉಪನ್ಯಾಸಕರ ಹೆಸರು ಮತ್ತು ಸಿಗುವ ಸಮಯವನ್ನು ಹಾಕಿಸಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಸಚಿವರ ಒಂದು ಸಹಿ ಸಾಕು.