ಸೀರೆಯಂತೆ ಅಕ್ಷರಕ್ಕೂ ಸಮಯ ಸಂದರ್ಭ



ಕಳೆದ ತಿಂಗಳು ನಮ್ಮ ಬೀದಿಯ ಸೊಸೆಯೊಬ್ಬಳು ಮಾವನವರ ವೈಕುಂಠ ಸಮಾರಾಧನೆಯ ಕಾರ್ಡು ಕೊಡಲು ಬಂದಿದ್ದಳು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷು. ಇಂಗ್ಲಿಷಿನ ಬದಿ ನೋಡಿದ ನನ್ನ ಮೊಮ್ಮಗಳು "ಅಜ್ಜೀ, ಯಾರದು ಬರ್ತ್‌ಡೇ?" ಅಂತ ಕೇಳಿಬಿಡಬೇಕೇ! ಪಾಪ, ಆ ಹುಡುಗಿಯ ಮುಖ ಸಪ್ಪಗಾಯಿತು. "ಪ್ರೆಸ್ಸಿನವರು ಯಾವ ಅಕ್ಷರ ಅಂತ ಕೇಳಿದ್ರು. ಯಾವುದಾದ್ರೂ ಆಗ್ಲಿ ಅಂದುಬಿಟ್ವಿ ಕಣ್ರೀ" ಅಂದಳು.

ಮಗುವಿನ ತಪ್ಪೇನಿಲ್ಲ. ಆ ಅಕ್ಷರದ ಹೆಸರು ಕಾಮಿಕ್ ಸಾನ್ಸ್. ಕೈಯಲ್ಲಿ ಸಲೀಸಾಗಿ ಬರೆದಂತೆ ಕಾಣುವ, ಸ್ವಲ್ಪ ಸೊಟ್ಟಪಟ್ಟ, ದುಂಡು ತುದಿಯ ಅಕ್ಷರ. ಅದು ಹುಟ್ಟಿದ್ದೇ ಮಕ್ಕಳ ನಗುವಿಗಾಗಿ. 1994ರಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯಲ್ಲಿದ್ದ ವಿನ್ಸೆಂಟ್ ಕೊನೇರ್ ಎಂಬುವರು, ಕಂಪ್ಯೂಟರಿನ ಪರದೆಯ ಮೇಲೆ ಕಾರ್ಟೂನು ನಾಯಿಯೊಂದು ಮಾತಾಡುವುದನ್ನು ನೋಡಿದರು. ನಾಯಿಯ ಮಾತು ಮಾತ್ರ ವೃತ್ತಪತ್ರಿಕೆಯ ಬಿಗಿ ಅಕ್ಷರದಲ್ಲಿತ್ತು! ಇದು ಹೊಂದುವುದಿಲ್ಲವೆಂದು, ಚಿತ್ರಕಥೆಯ ಪುಸ್ತಕಗಳ ಕೈಬರಹ ನೋಡಿ ಹೊಸ ಅಕ್ಷರ ಬರೆದರು. ಮುಂದೆ ಅದು ವಿಂಡೋಸ್ ಜೊತೆ ಮನೆಮನೆಗೆ ಬಂತು, ಎಲ್ಲೆಂದರಲ್ಲಿ ಬಳಕೆಯಾಯಿತು. 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಸಂಸ್ಥೆಯ ವಿಜ್ಞಾನಿಗಳು ಹಿಗ್ಸ್ ಬೋಸಾನ್ ಎಂಬ ಕಣದ ಸುದ್ದಿ ತಿಳಿಸಿದಾಗ, ಒಂದು ತಂಡದ ಪುಟಗಳು ಈ ಅಕ್ಷರದಲ್ಲೇ ಇದ್ದವು. ಅಷ್ಟು ದೊಡ್ಡ ಸುದ್ದಿಯ ನಡುವೆಯೂ ಜನ ಅಕ್ಷರ ನೋಡಿ ನಕ್ಕರು!

ಹಾಗಾದರೆ ಇದು ಕೆಟ್ಟ ಅಕ್ಷರವೇ? ಖಂಡಿತ ಅಲ್ಲ. ಟೀಚರು ಬೋರ್ಡಿನ ಮೇಲೆ ಬರೆದಂತೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿರುತ್ತದೆ. ಓದಲು ತೊಡಕಿರುವವರಿಗೆ ಅನುಕೂಲವೆಂದು ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಘವೇ ಸೂಚಿಸಿರುವ ಅಕ್ಷರಗಳಲ್ಲಿ ಇದೂ ಒಂದು. ಮಗುವಿನ ಟೈಂಟೇಬಲ್ಲು, ನೋಟ್‌ಬುಕ್ಕಿನ ಲೇಬಲ್ಲು, ಹುಟ್ಟುಹಬ್ಬದ ಕರೆಯೋಲೆ, ಮಾರಾಟದ ಚಕ್ಕುಲಿ ಪೊಟ್ಟಣದ ಚೀಟಿ, ಇವಕ್ಕೆಲ್ಲ ಚೆನ್ನ. ಕಾಮಿಕ್ ಸಾನ್ಸ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಕನ್ನಡಕ್ಕೆ ಇಂಥದೇ ಲವಲವಿಕೆ ಬೇಕೆಂದರೆ 'ಬಾಲೂ ತಮ್ಮ' ಎಂಬ ದಪ್ಪ, ದುಂಡನೆಯ ಅಕ್ಷರ ಉಚಿತವಾಗಿ ಸಿಗುತ್ತದೆ.

ಎರಡು ಮಾತು ನೆನಪಿಡಿ. ಆಟದ ಅಕ್ಷರ ಒಂದೆರಡು ಸಾಲಿಗೆ ಚೆಂದ. ಪುಟ ತುಂಬಿದರೆ ಕಣ್ಣಿಗೆ ಬೇಸರ. ಒಂದೇ ಕಾರ್ಡಿಗೆ ನಾಲ್ಕು ಬಗೆಯ ಅಕ್ಷರ ಬೇಡ, ಎರಡು ಸಾಕು.

ಮದುವೆಯ ಜರಿ ಸೀರೆ ಉಟ್ಟು ಸಾವಿನ ಮನೆಗೆ ಹೋಗುತ್ತೇವೆಯೇ? ಅಕ್ಷರವೂ ಹಾಗೆಯೇ. ಪ್ರೆಸ್ಸಿನವರು ಕೇಳಿದಾಗ "ಯಾವುದಾದ್ರೂ ಆಗ್ಲಿ" ಅನ್ನಬೇಡಿ. ಪ್ರೂಫ್ ತರಿಸಿ, ಮನೆಯವರೆಲ್ಲ ಒಮ್ಮೆ ನೋಡಿ. ದುಃಖದ ಮನೆಯಲ್ಲಿ ಇಷ್ಟಕ್ಕೆಲ್ಲ ವ್ಯವಧಾನ ಎಲ್ಲಿರುತ್ತದೆ ಅನ್ನುವಿರಾ? ನಿಜ. ಅಂಥ ಹೊತ್ತಿನಲ್ಲಿ ನೆರೆಮನೆಯ ನಾವೇ ಹೋಗಿ ನೋಡಿಕೊಡೋಣ. ಆ ಹುಡುಗಿಗೆ ಅಂದು ಅಷ್ಟು ಮಾಡಲಿಲ್ಲವಲ್ಲ ಎಂಬ ಕೊರಗು ನನಗಿನ್ನೂ ಇದೆ.